ಬೋಲ್ಟು ಬಿಗಿಯಾಗಿಯೇ ಇತ್ತು, ಎಂಜಿನ್ ಮಾತ್ರ ನಡುಗುತ್ತಿತ್ತು

ನನ್ನದು ಹಳೇ ಬೈಕು. ಒಂದೇ ಸಿಲಿಂಡರ್, ನಾಲ್ಕು ಗೇರು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮೀಟರ್ ಇಲ್ಲ. ಇಂಥ ಗಾಡಿ ಸ್ವಲ್ಪ ನಡುಗಿಯೇ ನಡುಗುತ್ತದೆ. ಆ ನಡುಕ ನನಗೆ ಅಭ್ಯಾಸವಾಗಿತ್ತು, ಇಷ್ಟವೂ ಆಗಿತ್ತು. ಆದರೆ ಹೋದ ವರ್ಷ ಅದರ ರೀತಿಯೇ ಬದಲಾಯಿತು. ಅರ್ಧ ಗಂಟೆ ಓಡಿಸಿ ಇಳಿದರೆ ಬಲಗೈಯ ಬೆರಳು ಜೋಮು ಹಿಡಿದಿರುತ್ತಿದ್ದವು. ಕನ್ನಡಿಯಲ್ಲಿ ಹಿಂದಿನ ಗಾಡಿಯ ಒಂದು ಲೈಟು ಎರಡಾಗಿ ಕಾಣುತ್ತಿತ್ತು. ನಂಬರ್ ಪ್ಲೇಟಿನ ಸ್ಕ್ರೂ ಎರಡು ಸಲ ಉದುರಿಹೋಯಿತು.

ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಸ್ಟಾರ್ಟ್ ಮಾಡಿ ಕೇಳಿದವರೇ, "ಕ್ರ್ಯಾಂಕ್ ಹೋಗಿದೆ ಸಾರ್, ಎಂಜಿನ್ ಬಿಚ್ಚಲೇಬೇಕು" ಅಂದರು. ಕ್ರ್ಯಾಂಕ್ ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಮಾಡುವ, ಎಂಜಿನ್ ಒಳಗಿನ ದಂಡ. ಹಾಗೂ ಇರಬಹುದಿತ್ತು. ಆದರೆ ಎಂಜಿನ್ ಬಿಚ್ಚುವುದು ದೊಡ್ಡ ಕೆಲಸ. ಬಿಚ್ಚುವ ಮೊದಲು ಮಾಡಬಹುದಾದ ಪರೀಕ್ಷೆ ಬೇಕಾದಷ್ಟಿವೆ. ಒಂದು ವಾರ ಟೈಮ್ ಕೊಡಿ ಅಂತ ಹೇಳಿ ಗಾಡಿಯನ್ನು ಮನೆಗೆ ತಂದೆ.

ನಡುಕ ಎಂಜಿನ್ನಿನದೋ, ಚಕ್ರ-ಚೈನಿನದೋ ಅನ್ನುವುದು ಮೊದಲು ಗೊತ್ತಾಗಬೇಕು. ಇದಕ್ಕೆ ಯಾವ ಸಾಮಾನೂ ಬೇಡ. ಖಾಲಿ ನೇರ ರಸ್ತೆ ಇದ್ದರೆ ಸಾಕು. ನಾಲ್ಕನೇ ಗೇರಿನಲ್ಲಿ ನಡುಕ ಜೋರಾಗುತ್ತಿದ್ದದ್ದು ಸುಮಾರು 55 ಕಿ.ಮೀ. ವೇಗದಲ್ಲಿ. ಅದೇ ವೇಗದಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ಚಕ್ರ ಓಡುತ್ತಲೇ ಇತ್ತು, ಎಂಜಿನ್ ಐಡಲಿಂಗ್‌ಗೆ ಇಳಿಯಿತು, ನಡುಕ ತಕ್ಷಣ ನಿಂತಿತು. ಆಮೇಲೆ ಮೂರನೇ ಗೇರಿನಲ್ಲಿ ಓಡಿಸಿದೆ. ಅದೇ ನಡುಕ ಈ ಸಲ 40ಕ್ಕೇ ಬಂತು. ನಾಲ್ಕರಲ್ಲಿ 55, ಮೂರರಲ್ಲಿ 40 ಅಂದರೆ ಎಂಜಿನ್ ತಿರುಗುವ ವೇಗ ಹೆಚ್ಚುಕಡಿಮೆ ಒಂದೇ. ಹಾಗಾಗಿ ಚಕ್ರದ ಬ್ಯಾಲೆನ್ಸು, ಟೈರು, ರಿಮ್ಮು ಎಲ್ಲ ಪಟ್ಟಿಯಿಂದ ಹೊರಗೆ ಹೋದವು.

ಕೈಗೂ ಇದು ಗೊತ್ತಾಗುತ್ತದೆ. 55 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳೆಂಟು ಸುತ್ತು ಬರುತ್ತದೆ ಅಷ್ಟೆ. ಚಕ್ರದ ದೋಷವಾದರೆ ಧಡಧಡ ಅಂತ ಒದ್ದ ಹಾಗಿರುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 50 ಸುತ್ತು. ಅದು ಜುಮ್ಮೆನ್ನುವ ನಡುಕ. ಬೆರಳು ಜೋಮು ಹಿಡಿಸುವುದು ಇದೇ.

ಇಷ್ಟು ಗೊತ್ತಾದ ಮೇಲೂ ನಾನೊಂದು ತಪ್ಪು ಮಾಡಿದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿ ನೋಡುವಾಗ ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇತ್ತು. ಸಿಕ್ಕಿತು ಅಂದುಕೊಂಡೆ. ಚೈನ್, ಸ್ಪ್ರಾಕೆಟ್ ಎರಡೂ ಹೊಸದು ಹಾಕಿಸಿದೆ. ಸವೆದಿದ್ದವು, ಬದಲಾಯಿಸಬೇಕಾದವೇ. ಆದರೆ ನಡುಕ ಇದ್ದ ಹಾಗೇ ಇತ್ತು. ಕ್ಲಚ್ ಪರೀಕ್ಷೆ ಹೇಳಿದ್ದನ್ನು ನಾನು ನಂಬಬೇಕಿತ್ತು.

ಪ್ಲಗ್, ಟ್ಯಾಪೆಟ್, ಇಗ್ನಿಷನ್ ಟೈಮಿಂಗ್, ಕಾರ್ಬ್ಯುರೇಟರ್ ಒಂದೊಂದಾಗಿ ನೋಡಿದೆ. ಎಲ್ಲ ಸರಿಯಿತ್ತು. ಬೆಂಕಿ ತಪ್ಪಿ ತಪ್ಪಿ ಹತ್ತಿದರೂ ಗಾಡಿ ನಡುಗುತ್ತದೆ, ಆದರೆ ಅದು ತಡವರಿಸುವ ನಡುಕ, ಒಂದೇ ಸಮನೆ ಇರುವುದಿಲ್ಲ.

ಇನ್ನು ಕ್ರ್ಯಾಂಕ್. ಪ್ಲಗ್ ಬಿಚ್ಚಿ, ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಮ್ಯಾಗ್ನೆಟ್ಟಿನ ಕವರ್ ತೆಗೆದೆ. ಪಿಸ್ಟನ್ ಮೇಲಿನ ತುದಿ ದಾಟಿ ಸ್ವಲ್ಪ ಇಳಿದ ಕಡೆ ಮ್ಯಾಗ್ನೆಟ್ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಆಡಿಸಿದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೆ ಪಿಸ್ಟನ್ ಕದಲುವ ಮೊದಲೇ ಕೈಗೆ 'ಟಕ್' ಅಂತ ಸಿಗುತ್ತದೆ. ಸಿಗಲಿಲ್ಲ. ಮ್ಯಾಗ್ನೆಟ್ಟನ್ನು ಮೇಲೆ ಕೆಳಗೆ ಎತ್ತಿ ನೋಡಿದೆ, ಆಟ ಇರಲಿಲ್ಲ.

ಇನ್ನೊಂದು ವಿಷಯವೂ ನನ್ನನ್ನು ಯೋಚನೆಗೆ ಹಚ್ಚಿತು. 55ರಲ್ಲಿ ಅಷ್ಟು ನಡುಗುವ ಗಾಡಿ 65 ದಾಟಿದರೆ ತಣ್ಣಗಾಗುತ್ತಿತ್ತು. ಪಿಸ್ಟನ್ ಪ್ರತಿ ಸುತ್ತಿಗೂ ಎರಡು ಸಲ ನಿಂತು ವಾಪಸು ಹೊರಡುತ್ತದೆ. ಆ ಎಳೆತವನ್ನು ತೂಗಿಸಲು ಕ್ರ್ಯಾಂಕಿನ ಎದುರು ಬದಿಗೆ ತೂಕ ಇಟ್ಟಿರುತ್ತಾರೆ. ಒಂದೇ ಸಿಲಿಂಡರ್ ನೆಟ್ಟಗೆ ನಿಂತಿದ್ದಾಗ ಪೂರ್ತಿ ತೂಗಿಸಿದರೆ, ಮೇಲೆ ಕೆಳಗಿನ ನಡುಕ ಹೋಗಿ ಹಿಂದೆ ಮುಂದಿನ ನಡುಕ ಬರುತ್ತದೆ. ಅದಕ್ಕೇ ಅರ್ಧದಷ್ಟೋ ತುಸು ಜಾಸ್ತಿಯೋ ತೂಗಿಸುತ್ತಾರೆ. ಉಳಿದದ್ದನ್ನು ಫ್ರೇಮ್ ಹೊರಬೇಕು. ಎಂಜಿನ್ ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಕ್ರ್ಯಾಂಕಿನ ತೂಕವೇ ತಪ್ಪಿದ್ದರೆ ವೇಗ ಏರಿದ ಹಾಗೆ ನಡುಕ ಏರುತ್ತಲೇ ಹೋಗಬೇಕು ಅಲ್ವಾ? ಒಂದು ಕಡೆ ಏರಿ ಮತ್ತೆ ಇಳಿಯುತ್ತಿದೆ ಅಂದರೆ, ಆ ವೇಗಕ್ಕೆ ತಾಳ ಸಿಕ್ಕಿ ಯಾವುದೋ ಭಾಗ ಜೊತೆಗೆ ಕುಣಿಯುತ್ತಿದೆ. ಹೊರಗೆ ಎಲ್ಲೋ ಹಿಡಿತ ತಪ್ಪಿದೆ ಅನ್ನುವ ಅನುಮಾನ ಅಲ್ಲಿಂದ ಗಟ್ಟಿಯಾಯಿತು.

ಎಂಜಿನ್ ಹಿಡಿದಿರುವ ಬೋಲ್ಟುಗಳಿಗೆಲ್ಲ ಸ್ಪ್ಯಾನರ್ ಹಾಕಿದೆ. ಮುಂದೆ, ಕೆಳಗೆ, ಹಿಂದಿನ ಪ್ಲೇಟು, ಮೇಲೆ ಸಿಲಿಂಡರ್ ಹೆಡ್ಡಿನಿಂದ ಫ್ರೇಮಿಗೆ ಹೋಗುವ ಪಟ್ಟಿ. ಒಂದೂ ಅಲುಗಲಿಲ್ಲ. ಎಲ್ಲ ಬಿಗಿ. ನಿಜ ಹೇಳಬೇಕೆಂದರೆ ಅಲ್ಲಿಗೆ ಧೈರ್ಯ ಕುಸಿಯಿತು.

ಮರುದಿನ ಹಗಲು ಬೆಳಕಿನಲ್ಲಿ ಗಾಡಿ ತೊಳೆಯದೆ ಸುಮ್ನೆ ಕೂತು ನೋಡಿದೆ. ಹಿಂದಿನ ಪ್ಲೇಟಿನ ಮೇಲುಗಡೆಯ ಬೋಲ್ಟಿನ ಸುತ್ತ ಕಂದುಗೆಂಪು ಪುಡಿ ಕೂತಿತ್ತು, ಕುಂಕುಮ ಉದುರಿದ ಹಾಗೆ. ಬೆರಳಿಂದ ಒರೆಸಿದರೆ ಮೈದಾದಷ್ಟು ನುಣುಪು. ಬೇರೆ ಬೋಲ್ಟುಗಳ ಸುತ್ತ ಮಣ್ಣು, ಗ್ರೀಸು ಇತ್ತು, ಈ ಪುಡಿ ಇರಲಿಲ್ಲ. ಎರಡು ಕಬ್ಬಿಣ ಒಂದಕ್ಕೊಂದು ಸಣ್ಣಗೆ ಉಜ್ಜಿಕೊಳ್ಳುತ್ತಾ ಇದ್ದರೆ ಇಂಥ ಪುಡಿ ಬರುತ್ತದೆ. ನೀರಿನಿಂದ ಹಿಡಿದ ತುಕ್ಕು ಹೀಗೆ ಒಂದೇ ಬೋಲ್ಟಿನ ಸುತ್ತ ಬಳೆಯ ಹಾಗೆ ಕೂರುವುದಿಲ್ಲ.

ಪುಡಿ ಒರೆಸಿ, ಪ್ಲೇಟು ಎಂಜಿನ್ನಿಗೆ ಕೂರುವ ಸಂದಿಗೆ ಒಂದು ಹನಿ ಎಣ್ಣೆ ಬಿಟ್ಟೆ. ಗೆಳೆಯನಿಗೆ ಮೆಲ್ಲಗೆ ಆಕ್ಸಿಲರೇಟರ್ ಕೊಡು ಅಂದೆ. ಚೈನಿನಿಂದ, ಸೈಲೆನ್ಸರ್‌ನಿಂದ ಕೈ ದೂರ ಇಟ್ಟು ಟಾರ್ಚ್ ಹಿಡಿದೆ. ಒಂದು ಹದಕ್ಕೆ ಬಂದಾಗ ಆ ಎಣ್ಣೆ ಸಂದಿಯಿಂದ ಹೊರಬಂದು ಒಳಹೋಗತೊಡಗಿತು. ಸಣ್ಣ ಸಣ್ಣ ಗುಳ್ಳೆ ಎದ್ದವು. ಇನ್ನೂ ಸ್ವಲ್ಪ ಕೊಟ್ಟರೆ ನಿಂತಿತು, ಇಳಿಸಿದರೆ ಮತ್ತೆ ಶುರು. ಬೋಲ್ಟು ಬಿಗಿಯಾಗಿದ್ದರೂ ಪ್ಲೇಟು ಉಸಿರಾಡುತ್ತಿತ್ತು!

ಬೋಲ್ಟು ಬಿಚ್ಚಿದಾಗ ಎಲ್ಲ ಅರ್ಥವಾಯಿತು. ಕೆಲವು ತಿಂಗಳ ಹಿಂದೆ ಒಂದು ಕಡೆ ಗೇರ್ ಬಾಕ್ಸ್ ಕೆಲಸಕ್ಕೆ ಎಂಜಿನ್ ಇಳಿಸಿದ್ದರು. ವಾಪಸು ಕೂರಿಸುವಾಗ ಆ ಜಾಗಕ್ಕೆ ಬೇರೆ ಬೋಲ್ಟು ಹಾಕಿದ್ದಾರೆ. ದಪ್ಪ ಸರಿ, ಉದ್ದ ಜಾಸ್ತಿ, ಮರೆ (ನಟ್ಟು ತಿರುಗುವ ಸುರುಳಿ ಗೆರೆ) ಕಡಿಮೆ. ನಟ್ಟು ಮರೆ ಮುಗಿಯುವವರೆಗೆ ಹೋಗಿ ನುಣುಪು ಭಾಗಕ್ಕೆ ಕಚ್ಚಿಕೊಂಡಿದೆ. ಸ್ಪ್ಯಾನರಿಗೆ ಅದು ಕಲ್ಲಿನ ಹಾಗೆ ಬಿಗಿ. ಆದರೆ ಪ್ಲೇಟಿನ ಮೇಲೆ ಅದರ ಒತ್ತಡವೇ ಇಲ್ಲ. ಮಧ್ಯೆ ಉಳಿದಿದ್ದ ಸಂದಿ ಉಗುರಿನಷ್ಟೂ ದಪ್ಪ ಇರಲಿಲ್ಲ. ಅಷ್ಟರಲ್ಲೇ ಪ್ಲೇಟಿನ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ಪ್ಲೇಟು ಹೊಸದು ಹಾಕಿದೆ, ಸರಿಯಾದ ಅಳತೆಯ ಬೋಲ್ಟು ತಂದೆ. ಆದರೆ ಅದೊಂದನ್ನೇ ಬಿಗಿ ಮಾಡಿ ಮುಗಿಸಲಿಲ್ಲ. ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಎಲ್ಲ ಬೋಲ್ಟುಗಳನ್ನೂ ಸಡಿಲ ಮಾಡಿದೆ, ಸೈಲೆನ್ಸರ್ ಕ್ಲಾಂಪ್ ಸಮೇತ. ಎಂಜಿನ್ ತನ್ನಷ್ಟಕ್ಕೆ ಕೂತ ಮೇಲೆ ಕೆಳಗಿನ ದೊಡ್ಡ ಬೋಲ್ಟುಗಳಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬಂದೆ, ಕೊನೆಗೆ ಮ್ಯಾನುಯಲ್ಲಿನಲ್ಲಿರುವ ಟಾರ್ಕಿಗೆ, ಅಂದರೆ ಅಲ್ಲಿ ಹೇಳಿದಷ್ಟೇ ಬಿಗಿಗೆ. ಹೆಡ್ಡಿನ ಪಟ್ಟಿ ಎಲ್ಲದಕ್ಕಿಂತ ಕೊನೆಗೆ. ಅಲ್ಲಿ ಪಟ್ಟಿಗೂ ಫ್ರೇಮಿಗೂ 2 ಮಿ.ಮೀ. ಸಂದಿ ಉಳಿಯಿತು. ಮೊದಲು ಅದನ್ನು ಬೋಲ್ಟಿನಿಂದ ಎಳೆದು ಕೂರಿಸಿದ್ದರು. ನಾನು ಅಷ್ಟೇ ದಪ್ಪದ ವಾಷರ್ ಕೊಟ್ಟೆ. ಎಳೆದು ಕೂರಿಸಿದರೆ ಎಂಜಿನ್ ಸದಾ ಫ್ರೇಮನ್ನು ತಿರುಚುತ್ತಾ ಇರುತ್ತದೆ, ಪಟ್ಟಿ ಒಂದಲ್ಲ ಒಂದು ದಿನ ಸೀಳುತ್ತದೆ.

ನಿಮ್ಮ ಗಾಡಿಯಲ್ಲಿ ಬ್ಯಾಲೆನ್ಸರ್ ಶಾಫ್ಟ್ (ನಡುಕ ತೂಗಿಸಲು ಎಂಜಿನ್ ಒಳಗೆ ತಿರುಗುವ ತೂಕದ ದಂಡ) ಇದ್ದು, ಎಂಜಿನ್ ಬಿಚ್ಚಿ ಕೂಡಿಸಿದ ಮೇಲೆ ನಡುಕ ಶುರುವಾಗಿದ್ದರೆ ದಾರಿ ಬೇರೆ. ಅದರ ಗೇರಿನ ಗುರುತು ಒಂದು ಹಲ್ಲು ತಪ್ಪಿದ್ದರೂ ಗಾಡಿ ಕೂರಲು ಬಿಡುವುದಿಲ್ಲ. ಅದನ್ನು ಮೊದಲು ನೋಡಿಸಿ.

ನನ್ನ ಬೈಕು ಐಡಲಿಂಗ್‌ನಲ್ಲಿ ಈಗಲೂ ಕುಣಿಯುತ್ತದೆ, ಕುಣಿಯಲಿ. ಆದರೆ 55ರಲ್ಲಿ ಹಿಂದಿನ ಗಾಡಿಯ ಲೈಟು ಒಂದೇ ಕಾಣುತ್ತದೆ. ಕ್ರ್ಯಾಂಕ್ ಬಿಚ್ಚಲಿಲ್ಲ. 300 ಕಿ.ಮೀ. ಆದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ, ಆ ಪ್ಲೇಟಿನ ಸುತ್ತ ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಗೆ ಬರೀ ರಸ್ತೆಯ ಧೂಳು ಬಂತು.