ನಿಂತ ಟರ್ಬೈನನ್ನು ಗ್ರಿಡ್‌ಗೆ ಸೇರಿಸುವಾಗ

100 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಘನ ಮೀಟರ್ ನೀರು ಇಳಿದರೆ ಸಿಗುವ ಶಕ್ತಿ 9.8 ಮೆಗಾವ್ಯಾಟ್; ಟರ್ಬೈನ್, ಜನರೇಟರ್‌ಗಳ ನಷ್ಟ ಕಳೆದು ಉಳಿಯುವುದು 8.8ರ ಆಸುಪಾಸು. ಲೆಕ್ಕ ಇಷ್ಟೇ. ಕಷ್ಟದ ಕೆಲಸವೆಂದರೆ ನಿಂತ ಯಂತ್ರವನ್ನು ಎಬ್ಬಿಸಿ ಗ್ರಿಡ್‌ಗೆ ಜೋಡಿಸುವುದು. ನಾನು ಹೇಳುತ್ತಿರುವುದು ಲಂಬ ಶಾಫ್ಟಿನ ಫ್ರಾನ್ಸಿಸ್ ಟರ್ಬೈನ್ ಬಗ್ಗೆ: ಜನರೇಟರಿಗೆ 20 ಧ್ರುವ, 50 ಹರ್ಟ್ಸ್, ನಿಮಿಷಕ್ಕೆ 300 ಸುತ್ತು.

ಬೇರಿಂಗ್ ಎಣ್ಣೆಯ ಮಟ್ಟ, ತಂಪಿನ ನೀರಿನ ಹರಿವು ಮೊದಲು. ಬ್ರೇಕ್ ಬಿಟ್ಟಿದೆ ಎಂದು ಪ್ಯಾನೆಲ್ ದೀಪ ಹೇಳಿದರೂ ಪ್ಯಾಡುಗಳನ್ನು ಕಣ್ಣಾರೆ ನೋಡುತ್ತೇನೆ. ಒಂದು ಅಂಟಿಕೊಂಡಿದ್ದರೂ ಹೊಗೆಯೇಳುತ್ತದೆ. ಆಮೇಲೆ ಅಧಿಕ ಒತ್ತಡದ ಎಣ್ಣೆ ಪಂಪ್. ಟನ್ನುಗಟ್ಟಲೆ ತೂಕದ ರೋಟರನ್ನು ಅದು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ.

ಮುಖ್ಯ ವಾಲ್ವನ್ನು ನೇರವಾಗಿ ತೆರೆಯಬಾರದು. ಬೈಪಾಸ್ ಕೊಳವೆಯಿಂದ ನೀರು ಬಿಟ್ಟು, ಟರ್ಬೈನನ್ನು ಸುತ್ತುವರಿದ ಸುರುಳಿ ಕೊಳವೆಯಾದ ಸ್ಪೈರಲ್ ಕೇಸಿಂಗ್ ತುಂಬಿಸಿ, ವಾಲ್ವಿನ ಎರಡೂ ಕಡೆ ಒತ್ತಡ ಸಮನಾಗುವವರೆಗೆ ಕಾಯಬೇಕು. ಆತುರಪಟ್ಟರೆ ಸೀಲ್ ಹರಿಯುತ್ತದೆ. ಎಷ್ಟು ಕಾದರೂ ಗೇಜ್ ಏರದಿದ್ದರೆ ನನ್ನ ಮೊದಲ ಅನುಮಾನ ಟರ್ಬೈನಿಗೆ ಹೋಗುವ ನೀರನ್ನು ಹತೋಟಿಯಲ್ಲಿಡುವ ಗೈಡ್ ವೇನ್‌ಗಳ ಮೇಲೆ: ಸವೆದ ಅಂಚುಗಳಲ್ಲಿ, ಇಲ್ಲವೇ ನಡುವೆ ಕಡ್ಡಿ ಸಿಕ್ಕಿಕೊಂಡ ಕಡೆ ನೀರು ಸೋರುತ್ತಿರುತ್ತದೆ.

ಗೈಡ್ ವೇನ್ ಸ್ವಲ್ಪವೇ ತೆರೆದರೆ ಯಂತ್ರ ಏಳುತ್ತದೆ. ವೇಗ ಶೇ. 95 ಮುಟ್ಟಿದ ಮೇಲೆ ಎಕ್ಸೈಟೇಶನ್ (ರೋಟರಿನ ಕಾಂತಗಳಿಗೆ ಕರೆಂಟು) ಕೊಟ್ಟು ವೋಲ್ಟೇಜನ್ನು ಗ್ರಿಡ್‌ನದಕ್ಕೆ ಸರಿಗಟ್ಟಿಸುತ್ತೇನೆ. ಈಗ ಕಣ್ಣೆಲ್ಲ ಯಂತ್ರದ ಮತ್ತು ಗ್ರಿಡ್ಡಿನ ತಾಳ ಹೋಲಿಸಿ ತೋರಿಸುವ ಸಿಂಕ್ರೋಸ್ಕೋಪ್ ಮೇಲೆ. ಮುಳ್ಳು ಗಡಿಯಾರದ ದಿಕ್ಕಿನಲ್ಲಿ, ಸುತ್ತಿಗೆ 10 ಸೆಕೆಂಡಿನಂತೆ ನಿಧಾನವಾಗಿ ತಿರುಗಬೇಕು. ಅಂದರೆ ನಮ್ಮ ಯಂತ್ರ ಗ್ರಿಡ್‌ಗಿಂತ 0.1 ಹರ್ಟ್ಸ್ ಮುಂದಿದೆ. ಮುಳ್ಳು 12ರ ಜಾಗಕ್ಕೆ, ಅಂದರೆ ಎರಡರ ತಾಳವೂ ಕೂಡುವಲ್ಲಿಗೆ, ಬಂದ ಮೇಲೆ ಬ್ರೇಕರಿನ ಗುಂಡಿ ಒತ್ತಿದರೆ ತಡವಾಯಿತು. ಯಂತ್ರವನ್ನು ಗ್ರಿಡ್ಡಿಗೆ ಸೇರಿಸುವ ಸ್ವಿಚ್ಚಾದ ಬ್ರೇಕರ್ ಕೂಡಿಕೊಳ್ಳಲು 0.1 ಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಮುಳ್ಳು 3.6 ಡಿಗ್ರಿ ಸರಿದಿರುತ್ತದೆ. ಹಾಗಾಗಿ 12ರ ಹೊಸ್ತಿಲಲ್ಲಿರುವಾಗಲೇ ಒತ್ತುತ್ತೇನೆ. ಕೋನ ತೀರಾ ತಪ್ಪಿದರೆ ಗುದ್ದು ಬೀಳುವುದು ಶಾಫ್ಟಿಗೆ, ವೈಂಡಿಂಗ್‌ಗೆ. ಮುಳ್ಳು ಹಿಂದಕ್ಕೆ ತಿರುಗುವಾಗ ಸೇರಿಸಿದರೆ ಗ್ರಿಡ್ಡೇ ಯಂತ್ರವನ್ನು ಮೋಟಾರಿನಂತೆ ತಿರುಗಿಸಲು ತೊಡಗಿ, ಅದನ್ನು ಗುರುತಿಸುವ ರಿವರ್ಸ್ ಪವರ್ ರಿಲೇ ಬ್ರೇಕರನ್ನು ಬಿಡಿಸಿಬಿಡಬಹುದು. ಸರಿಯಾಗಿ ಸೇರಿದರೂ ಕೂಡಲೇ ಸ್ವಲ್ಪ ಲೋಡ್ ಕೊಡುವುದು ಇದೇ ಕಾರಣಕ್ಕೆ.

ಲೋಡ್ ಏರಿಸುವಾಗ ಅರ್ಧದ ಆಸುಪಾಸಿನಲ್ಲಿ ನೀರು ಹೊರಹೋಗುವ ಡ್ರಾಫ್ಟ್ ಟ್ಯೂಬಿನಿಂದ ಧಡ್ ಧಡ್ ಸದ್ದು ಬರುವುದುಂಟು. ಟರ್ಬೈನಿನ ತಿರುಗುವ ಚಕ್ರವಾದ ರನ್ನರ್ ಕೆಳಗೆ ನೀರು ಹಗ್ಗದಂತೆ ಹೊಸೆದುಕೊಂಡು ಸುತ್ತುವುದೇ ಅದಕ್ಕೆ ಕಾರಣ. ಆ ಲೋಡಿನಲ್ಲಿ ಯಂತ್ರವನ್ನು ನಿಲ್ಲಿಸದೆ ದಾಟಿಸುತ್ತೇನೆ. ಅಲ್ಲೇ ಓಡಿಸಲೇಬೇಕಾದರೆ ಗಾಳಿ ಬಿಡುತ್ತೇನೆ, ಸದ್ದು ತಗ್ಗುತ್ತದೆ.