ಮೊದಲು 5 ಗುಂಟೆಯಲ್ಲಿ ನಾಟಿ ರಾಗಿ ಮಾಡಿ ನೋಡಿ

ನಮ್ಮದು ಅರಸೀಕೆರೆ ತಾಲ್ಲೂಕು. 2 ಎಕರೆ ಮಳೆ ಹೊಲ, ಎರಡು ಹಸು. ರಾಗಿಯನ್ನು ಎರಚಬೇಡಿ, ನಾಟಿ ಮಾಡಿ ಅಂತ ಹೇಳಿದವರು ಬಹಳ ಜನ. ನಾನು ಒಪ್ಪಿದ್ದು ಮಾತ್ರ ನಾಟಿ ಮಾಡಿದ್ದ ಪಕ್ಕದ ಹೊಲದ ಬದುವಿನಲ್ಲಿ ನಿಂತು ನೋಡಿದ ಮೇಲೆ. ಬಗ್ಗಿ ಎಣಿಸಿದೆ. ಒಂದೇ ಬುಡದಲ್ಲಿ 14 ತೆನೆ! ನಮ್ಮದರಲ್ಲಿ ಎರಡೋ ಮೂರೋ.

ಆದರೂ ಇಡೀ ಹೊಲಕ್ಕೆ ಕೈ ಹಾಕಬೇಡಿ. ಒಂದು ವರ್ಷ ಕೈಕೊಟ್ಟರೆ ಮುದ್ದೆಗೂ ತತ್ವಾರ, ಮೇವಿಗೂ ತತ್ವಾರ. 5 ಗುಂಟೆ ಸಾಕು. ಉಳಿದದ್ದನ್ನು ಎಂದಿನಂತೆ ಬಿತ್ತಿ.

ಬೀಜ 100 ಗ್ರಾಂ ಧಾರಾಳವಾಯಿತು. ಎರಚುವಾಗ ಇಷ್ಟೇ ಜಾಗಕ್ಕೆ ನಾವು ಮುಕ್ಕಾಲು ಕೆಜಿ ಚೆಲ್ಲುತ್ತಿದ್ದೆವು. ನಾನು ಹಾಕುವುದು ಜಿಪಿಯು-28 ಅನ್ನುವ ರಾಗಿ ತಳಿ. ಬೆಂಕಿ ರೋಗ ತಡೆಯುತ್ತದೆ.

ಪುನರ್ವಸು ಮಳೆಗೆ, ಅಂದರೆ ಜುಲೈ ಮೊದಲ ವಾರ, ನೀರು ಕೈಗೆಟಕುವ ಕಡೆ ಪೈರು ಬೆಳೆಸಲು ಮಡಿ ಮಾಡಿ. ಬೀಜ ತೆಳ್ಳಗೆ ಬಿಡಿ, ಮೇಲೆ ಪುಡಿ ಗೊಬ್ಬರ ಉದುರಿಸಿ. ಒಂದೇ ಮಡಿ ಮಾಡಬೇಡಿ. ಮೊದಲ ವರ್ಷ ನಾನು ಹಾಗೆ ಮಾಡಿದ್ದೆ, ಮಳೆ ಬರಲಿಲ್ಲ. ಪೈರು 35 ದಿನ ಮಡಿಯಲ್ಲೇ ನಿಂತು ಬಲಿಯಿತು. ನೆಟ್ಟ ಮೇಲೆ ತೆಂಡೆ, ಅಂದರೆ ಬುಡದಿಂದ ಬರುವ ಮರಿ ಕವಲು, ಒಡೆಯಲೇ ಇಲ್ಲ. ನೋಡಿ ತುಂಬಾ ಸಂಕಟ ಆಯಿತು. ಈಗ ಬೀಜವನ್ನು ಎರಡು ಪಾಲು ಮಾಡಿ, 10 ದಿನ ಬಿಟ್ಟು ಎರಡನೇ ಮಡಿ ಹಾಕುತ್ತೇನೆ. ಮಳೆ ಯಾವಾಗ ಬಂದರೂ ಎಳೆ ಪೈರು ಇರುತ್ತದೆ.

18–20 ದಿನದ ಪೈರನ್ನು ಮಣ್ಣಿನ ಹದ ನೋಡಿ, ಸಂಜೆ ಹೊತ್ತು ನೆಡಿ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ಉದ್ದಕ್ಕೂ ಅಡ್ಡಕ್ಕೂ ಅಡಿ ಅಂತರ ಬರುವಂತೆ ಗುರುತು ಮಾಡಿ. ಗುಳಿಗೊಂದು ಹಿಡಿ ತಿಪ್ಪೆ ಗೊಬ್ಬರ, ಒಂದೇ ಪೈರು. ಬೇರಿಗೆ ಮಣ್ಣು ಅಂಟಿಕೊಂಡೇ ಇರಲಿ. ಆಳಕ್ಕೆ ಒತ್ತಬೇಡಿ, ಬೇರು ಮೇಲ್ಮುಖವಾಗಿ ಮಡಚಿಕೊಳ್ಳುತ್ತದೆ. 5 ಗುಂಟೆಗೆ ಸುಮಾರು 5,400 ಪೈರು ಬೇಕು.

ಜನ ಹಿಂದೆ ಸರಿಯುವುದು ಇಲ್ಲೇ. ಇಷ್ಟು ನೆಡಲು ಕೂಲಿ ಎಲ್ಲಿಂದ ತರೋದು, ಅಲ್ವಾ? ನಾವು ನಾಲ್ಕು ಮನೆಯ ಹೆಂಗಸರು ಮುಯ್ಯಾಳು ಮಾಡಿಕೊಂಡೆವು. ಇವತ್ತು ನಿಮ್ಮ ಹೊಲ, ನಾಳೆ ನಮ್ಮದು. ಆ ಶ್ರಮ ಕಳೆ ತೆಗೆಯುವಾಗ ವಾಪಸ್ ಬರುತ್ತದೆ. ಸಾಲು ಎರಡೂ ಕಡೆ ನೆಟ್ಟಗಿರುವುದರಿಂದ ನೆಟ್ಟ 15ನೇ ದಿನ ಒಮ್ಮೆ, ಮತ್ತೆ 25–30ನೇ ದಿನ ಒಮ್ಮೆ ಸೈಕಲ್ ಕುಂಟೆ (ಚಕ್ರ ಇರುವ, ಕೈಯಲ್ಲಿ ತಳ್ಳುವ ಕಳೆ ಕುಂಟೆ) ಉದ್ದಕ್ಕೂ ಅಡ್ಡಕ್ಕೂ ತಳ್ಳಿದರೆ ಆಯಿತು. ದಿನಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಕೆಲಸ ಬಹಳ ಕಡಿಮೆ. ನಮ್ಮ ಕೇರಿಯ ಹೆಂಗಸರು ನಾಟಿಗೆ ಬಂದಿದ್ದು ಇಳುವರಿಗಿಂತ ಜಾಸ್ತಿ ಈ ಸೊಂಟದ ನೋವು ತಪ್ಪಿತು ಅಂತಲೇ.

ಕೊಯ್ಲಿನಲ್ಲಿ ನಾಟಿ ರಾಗಿ, ಎರಚಿದ ರಾಗಿ ಎರಡನ್ನೂ ಬೆರೆಸಬೇಡಿ. ಎರಡೂ ಕಡೆ 1 ಗುಂಟೆ ಅಳೆದು ಕೊಯ್ದು, ಬೇರೆ ಬೇರೆ ಬಡಿದು ತೂಕ ಹಾಕಿ. ಹುಲ್ಲನ್ನೂ ಲೆಕ್ಕ ಹಿಡಿಯಿರಿ. ಕಾಳು ಎಷ್ಟಾಯಿತು ಅಂತ ನಾನು ನೋಡುತ್ತಿದ್ದರೆ, ನಮ್ಮ ಅತ್ತೆ ಮೊದಲು ಕೇಳಿದ್ದು ಹುಲ್ಲು ಎಷ್ಟು ಹೊರೆ ಅಂತ. ಹಸು ಕಟ್ಟಿದ ಮನೆಯಲ್ಲಿ ಅದೇ ಸರಿಯಾದ ಪ್ರಶ್ನೆ. ಕಾಳಿನ ತೂಕ, ಹುಲ್ಲಿನ ಹೊರೆ, ಆಳಿನ ಲೆಕ್ಕ ಮೂರನ್ನೂ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಮುಂದಿನ ವರ್ಷ ಎಷ್ಟು ಗುಂಟೆ ಅಂತ ಅದನ್ನು ನೋಡಿಕೊಂಡೇ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ.