ಒತ್ತಕ್ಷರದಲ್ಲಿ ಸಿಕ್ಕಿಕೊಂಡ ಓದು: ನಮಗೆ ಫಲಿಸಿದ ಕ್ರಮ

ಮನೆಯಲ್ಲೇ ಕಲಿಯುವ ಒಂಬತ್ತು ವರ್ಷದ ಮಗು ಕನ್ನಡ ಓದಲು ತಡವರಿಸುತ್ತಿತ್ತು. ಇಂಥಲ್ಲಿ ಮತ್ತೆ ಅ, ಆದಿಂದ ತಿದ್ದಿಸುವುದು ಬರೀ ಸಮಯ ದಂಡ. ಮೊದಲು ಎಲ್ಲಿ ಮುಗ್ಗರಿಸುತ್ತದೆ ನೋಡಿ. ಮರ, ಕಮಲದಂಥ 10 ಸರಳ ಪದ, ಗುಣಿತದವು 10, ಅಕ್ಕ, ಬೆಲ್ಲದಂಥ ಸಜಾತಿ ಒತ್ತಿನವು 10, ಪುಸ್ತಕ, ಚಂದ್ರದಂಥ ವಿಜಾತಿಯವು 10 ಓದಿಸಿ. ಎಂಟಕ್ಕಿಂತ ಕಡಿಮೆ ಸರಿಯಾದ ಮೊದಲ ಗುಂಪಿನಿಂದಲೇ ಪಾಠ ಶುರು.

ಇಲ್ಲಿ ಮೂರನೆಯದರಲ್ಲೇ ಬಂಡಿ ನಿಂತಿತ್ತು. ಕ, ಗ, ದ, ಪಗಳ ಒತ್ತು ತಲೆಕಟ್ಟು ಕಳೆದ ಮೂಲಾಕ್ಷರದಂತೆಯೇ ಇರುತ್ತದೆ, ಮಕ್ಕಳು ಊಹಿಸಿಬಿಡುತ್ತಾರೆ. ತ, ನ, ಮ, ಯ, ರ, ಲಗಳ ಒತ್ತಿನ ಆಕಾರವೇ ಬೇರೆ. ಈ ಆರಕ್ಕೆ ಮಾತ್ರ ಚೀಟಿ ಮಾಡಿ, ಎರಡು ದಿನಕ್ಕೊಂದರಂತೆ ಹೊಸದು, ಜೊತೆಗೆ ಹಳೆಯವೆಲ್ಲ. ದಿನಕ್ಕೆ 15 ನಿಮಿಷ ಸಾಕು. ಅರ್ಧ ಗಂಟೆ ಎಳೆದರೆ ಮಗು ಆಕಳಿಸುತ್ತದೆ, ನೀವು ರೇಗುತ್ತೀರಿ.

ಅರ್ಕಾವತ್ತನ್ನು, ಅಂದರೆ ಅಕ್ಷರದ ಬಲಕ್ಕೆ ಬರೆಯುವ ರಕಾರದ ಗುರುತನ್ನು, ಕೊನೆಗಿಡಿ. ‘ಕಾರ್ಯ’ವನ್ನು ‘ಕಾಯ್ರ’ ಎಂದರೆ ಅದು ಅಜಾಗರೂಕತೆಯಲ್ಲ: ನಾಲಿಗೆಗೆ ಮೊದಲು ಬರುವ ರಕಾರ ಕಣ್ಣಿಗೆ ಯಕಾರದ ಬಲಕ್ಕೆ ಕಾಣುತ್ತದೆ. ಗುರುತಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಎಡಕ್ಕೆ ಬಾಣ ಹಾಕಿ, ರೂಢಿಯಾದ ಮೇಲೆ ಅಳಿಸಿ.

ಮಗು ಸರಾಗವಾಗಿ ಓದಿದರೂ ನಂಬಬೇಡಿ, ಚಿತ್ರ ನೋಡಿ ಬಾಯಿಪಾಠ ಒಪ್ಪಿಸುತ್ತಿರಬಹುದು. ಚಿತ್ರ ಮುಚ್ಚಿ, ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿ. ‘ವು’ವನ್ನು ‘ಮ’ ಎನ್ನುವ ತಪ್ಪೂ ಆಗಲೇ ಹೊರಬೀಳುತ್ತದೆ. ಓದಲು ಸ್ಟೋರಿವೀವರ್ ತಾಣದ ಒಂದನೇ ಹಂತದ ಕನ್ನಡ ಕಥೆಗಳು ಉಚಿತ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದ ತಡೆದರೆ ಆ ಕಥೆ ಈಗ ಬೇಡ, ನೀವೇ ಓದಿ ಹೇಳಿ.